ಪುಟ್ಟ ಗೆಲಾಕ್ಸಿಯೊಳಗಿನ ಕಪ್ಪುಕುಳಿ ನಕ್ಷತ್ರ ಹುಟ್ಟುವುದನ್ನು ನಿಲ್ಲಿಸುತ್ತದೋ, ಹುಟ್ಟಿಸುತ್ತದೋ?

ಹಿರಿಯೂರು_ಹತ್ತಿಂಚು:

ಮಾರ್ಚ್ ಕೊನೆಯ ಒಂದು ಕತ್ತಲ ರಾತ್ರಿ ಅಣ್ಣನ ಹೊಲದಲ್ಲಿ ನನ್ನ ಹತ್ತಿಂಚಿನ ಡಾಬ್ಸೋನಿಯನ್ ದೂರದರ್ಶಕ ಇಟ್ಟಿದ್ದೆ. ಕಡಲೆ ಕಿತ್ತು ಹೊಲ ಖಾಲಿಯಾಗಿತ್ತು. ದೂರದ ಗುಡ್ಡದಲ್ಲಿ ಗಾಳಿಯಂತ್ರಗಳ ಕೆಂಪು ದೀಪ ಬಿಟ್ಟರೆ ಬೇರೆ ಬೆಳಕಿಲ್ಲ. ಹುಡುಕಿದ್ದು ಎನ್‌ಜಿಸಿ 4395 ಎಂಬ ಪುಟ್ಟ ಗೆಲಾಕ್ಸಿ. ಕೇನಿಸ್ ವೆನಾಟಿಸಿ ಪುಂಜದ ಬೀಟಾ ನಕ್ಷತ್ರದಿಂದ ದಕ್ಷಿಣಕ್ಕೆ ಸುಮಾರು 8 ಡಿಗ್ರಿ ಇಳಿಯಬೇಕು. ಮುಕ್ಕಾಲು ಗಂಟೆ ಹಿಡಿಯಿತು.

ಸಿಕ್ಕಿದ್ದು ಕನ್ನಡಿ ಮೇಲೆ ಉಸಿರು ಬಿಟ್ಟ ಹಾಗೆ ಒಂದು ಮಸುಕು. ನೇರ ನೋಡಿದರೆ ಮಾಯ, ಓರೆಗಣ್ಣಲ್ಲಿ ನೋಡಿದರೆ ಇದೆ. ಅದರ ಒಂದು ಬದಿಗೆ ತುಸು ಗಟ್ಟಿಯಾದ ಚುಕ್ಕೆ: ಎನ್‌ಜಿಸಿ 4401. ಬೇರೆ ಗೆಲಾಕ್ಸಿಯಲ್ಲ ಅದು. ಇದರದ್ದೇ ತೋಳಿನಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತಿರುವ ಜಾಗ. ಹಿಂದಿನವರು ಬೇರೆಯದೆಂದು ಎಣಿಸಿ ಬೇರೆ ನಂಬರು ಕೊಟ್ಟರು. 4399, 4400 ಕೂಡ ಹಾಗೆಯೇ ಅಂತೆ, ಅವು ನನಗೆ ಕಾಣಲಿಲ್ಲ.

ನಟ್ಟನಡುವೆಯೂ ಏನೂ ಕಾಣಲಿಲ್ಲ. ಆದರೆ ಅಲ್ಲೊಂದು ಕಪ್ಪುಕುಳಿ ಅನಿಲ ನುಂಗುತ್ತಾ ಕೂತಿದೆ ಎಂದು 1989ರಲ್ಲೇ ಖಗೋಳಜ್ಞರಾದ ಅಲೆಕ್ಸ್ ಫಿಲಿಪ್ಪೆಂಕೊ, ವ್ಯಾಲೆಸ್ ಸಾರ್ಜೆಂಟ್ ಗುರುತಿಸಿದ್ದಾರೆ. ನನ್ನ ಪ್ರಶ್ನೆ ಇಲ್ಲಿಂದ. ದೊಡ್ಡ ಗೆಲಾಕ್ಸಿಗಳಲ್ಲಿ ಇಂಥ ಕಪ್ಪುಕುಳಿ ಅನಿಲವನ್ನು ಕಾಯಿಸಿ, ಹೊರದಬ್ಬಿ, ನಕ್ಷತ್ರ ಹುಟ್ಟದಂತೆ ಮಾಡುತ್ತದೆ ಎಂದು ಓದಿದ್ದೇನೆ. ಹಾಗಾದರೆ ಪುಟ್ಟ ಗೆಲಾಕ್ಸಿ ಪೂರ್ತಿ ಬರಿದಾಗಬೇಕಿತ್ತಲ್ಲ? ಅದೇ ಗೆಲಾಕ್ಸಿಯಲ್ಲಿ ನಕ್ಷತ್ರ ಹುಟ್ಟುತ್ತಿರುವುದನ್ನು ನಾನು ಕಣ್ಣಾರೆ ನೋಡಿಬಂದೆ. ಎರಡೂ ಒಟ್ಟಿಗೆ ಹೇಗೆ?

ರೋಹಿತರೇಖೆ:

ನೀವು ನೋಡಿದ ಮಸುಕು ನಮ್ಮಿಂದ ಸುಮಾರು 1.4 ಕೋಟಿ ಜ್ಯೋತಿರ್ವರ್ಷ ದೂರ ಸರ್. ಆ ಚುಕ್ಕೆ ಹಿಡಿದದ್ದೇ ದೊಡ್ಡದು. ಕೆಲವು ವರ್ಷ ಇಂಥ ಗೆಲಾಕ್ಸಿಗಳ ರೋಹಿತ (ಬಣ್ಣಬಣ್ಣವಾಗಿ ಸೀಳಿದ ಬೆಳಕು) ಬಿಡಿಸುವ ಕೆಲಸ ಮಾಡಿದವಳು ನಾನು, ತಿಳಿದಷ್ಟು ಹೇಳುತ್ತೇನೆ.

ಮೊದಲು ತೂಕ. ನಮ್ಮ ಕ್ಷೀರಪಥದ ನಡುವಿನ ಕಪ್ಪುಕುಳಿ ಸುಮಾರು 43 ಲಕ್ಷ ಸೂರ್ಯರಷ್ಟು. 4395ರದ್ದು ಅಳೆದ ವಿಧಾನಕ್ಕೆ ತಕ್ಕಂತೆ ಹತ್ತು ಸಾವಿರದಿಂದ ನಾಲ್ಕು ಲಕ್ಷ ಸೂರ್ಯರವರೆಗೆ ಬರುತ್ತದೆ. ಚಿಕ್ಕದು ಅನ್ನಿಸಬಹುದು. ಆದರೆ ಲೆಕ್ಕ ಹಾಕಿ ನೋಡಿ: ಒಂದು ಸೂರ್ಯನಷ್ಟು ಅನಿಲ ಒಳಗೆ ಬೀಳುವಾಗ ಅದರ ಹತ್ತನೇ ಒಂದು ಪಾಲು ಶಕ್ತಿಯಾಗಿ ಹೊರಬಂದರೂ, ಸುಮಾರು 180 ಸೂಪರ್‌ನೋವಾಗಳು (ಸಿಡಿದು ಸಾಯುವ ನಕ್ಷತ್ರಗಳು) ಸುತ್ತಲಿನ ಅನಿಲಕ್ಕೆ ಕೊಡುವ ಶಕ್ತಿಗೆ ಸಮ. ಪುಟ್ಟ ಗೆಲಾಕ್ಸಿಯ ಗುರುತ್ವದ ಹಿಡಿತವೂ ಸಡಿಲ, ಅನಿಲ ಸುಲಭವಾಗಿ ಕೈಬಿಟ್ಟುಹೋಗುತ್ತದೆ. ಹಾಗಾಗಿ ಬರಿದಾಗಬೇಕಿತ್ತು ಎಂಬ ನಿಮ್ಮ ಎಣಿಕೆ ತಪ್ಪಲ್ಲ. ಆದರೆ ಆ ಶಕ್ತಿಯ ಬಹುಪಾಲು ಅನಿಲಕ್ಕೆ ತಾಗದೆ ಬೆಳಕಾಗಿ ಹೊರಟುಹೋಗುತ್ತದೆ. ತಾಗಿದ್ದು ಎಲ್ಲಿ ತಾಗಿತು, ಎಷ್ಟು ವೇಗದಲ್ಲಿ ತಾಗಿತು ಎಂಬುದರ ಮೇಲೆ ಎಲ್ಲ ನಿಂತಿದೆ.

ಇದಕ್ಕೆ ನನಗೆ ತುಂಬಾ ಇಷ್ಟದ ಉದಾಹರಣೆ ಹೆನಿಝ್ 2-10 ಎಂಬ ಪುಟ್ಟ ಗೆಲಾಕ್ಸಿ. ಸುಮಾರು 3 ಕೋಟಿ ಜ್ಯೋತಿರ್ವರ್ಷ ದೂರ, ಕ್ಷೀರಪಥದ ಹತ್ತರಲ್ಲೊಂದು ಪಾಲು ನಕ್ಷತ್ರಗಳು. 2011ರಲ್ಲಿ ಏಮಿ ರೈನ್ಸ್ ಅದರ ನಡುವೆ ರೇಡಿಯೊ, ಎಕ್ಸ್‌ರೇ ಎರಡೂ ಹೊಮ್ಮುವ ಒಂದು ಬಿಂದು ಕಂಡು ಇದು ಕಪ್ಪುಕುಳಿ ಎಂದರು. ಅಲ್ಲ, ಸೂಪರ್‌ನೋವಾದ ಅವಶೇಷ ಎಂದವರೂ ಇದ್ದರು. ಹತ್ತು ವರ್ಷ ವಾದ ನಡೆಯಿತು. 2022ರಲ್ಲಿ ಝಕರಿ ಶುಟಿ ಮತ್ತು ರೈನ್ಸ್ ಹಬಲ್ ದೂರದರ್ಶಕದ ರೋಹಿತಮಾಪಕದಿಂದ ಆ ಬಿಂದುವಿನ ಆಚೀಚೆಯ ಬೆಳಕನ್ನು ಸೀಳಿ ನೋಡಿದರು. ಅನಿಲದ ವೇಗ ಒಮ್ಮೆ ನಮ್ಮತ್ತ, ಒಮ್ಮೆ ಆಚೆಗೆ, ಹೀಗೆ ಅಲೆಯಲೆಯಾಗಿ ಬದಲಾಗುತ್ತಿತ್ತು. ನಿಲ್ಲುವ ಮುಂಚೆ ಬುಗುರಿಯ ತಲೆ ತೂಗುತ್ತದಲ್ಲ, ಹಾಗೆ ತೂಗುತ್ತಾ ಚಿಮ್ಮುವ ಹೊರಹರಿವು ಮಾತ್ರ ಇಂಥ ಗುರುತು ಬಿಡುತ್ತದೆ. ಸೂಪರ್‌ನೋವಾ ಅವಶೇಷಕ್ಕೆ ಇದು ಹೊಂದುವುದಿಲ್ಲ.

ಆ ಹೊರಹರಿವು 230 ಜ್ಯೋತಿರ್ವರ್ಷ ಸಾಗಿ ಒಂದು ದಟ್ಟ ಅನಿಲದ ಮೋಡಕ್ಕೆ ಬಡಿಯುತ್ತದೆ. ಹೊಸ ನಕ್ಷತ್ರಗುಚ್ಛಗಳು ಇರುವುದು ಅಲ್ಲೇ. ವೇಗ ಗಂಟೆಗೆ ಸುಮಾರು 16 ಲಕ್ಷ ಕಿಲೋಮೀಟರ್. ನಮಗೆ ಇದು ಭಯಂಕರ, ಆದರೆ ದೈತ್ಯ ಗೆಲಾಕ್ಸಿಗಳ ಜೆಟ್‌ಗಳ (ಕಪ್ಪುಕುಳಿಯ ಬಳಿಯಿಂದ ಚಿಮ್ಮುವ ಕಿರಿದಾದ ಧಾರೆಗಳ) ಮುಂದೆ ಮೆಲ್ಲಗಿನ ನಡಿಗೆ. ಅವು ಬೆಳಕಿನ ವೇಗದ ಹತ್ತಿರ ಓಡಿ ಅನಿಲವನ್ನು ಮತ್ತೆ ತಣಿಯದಷ್ಟು ಕಾಯಿಸಿಬಿಡುತ್ತವೆ. ಇಲ್ಲಿ ಮೋಡ ಒತ್ತರಿಸಿಕೊಂಡಿತು, ಬೇಗ ತಣಿಯಿತು, ತನ್ನ ಭಾರಕ್ಕೆ ತಾನೇ ಕುಸಿದು ನಕ್ಷತ್ರವಾಯಿತು.

ನಿಮ್ಮ 4395ನ್ನು ನಮ್ಮವರೂ ಬಿಟ್ಟಿಲ್ಲ. ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯ ತಂಡ 2023ರಲ್ಲಿ ಅದರ ನಡುವಿನ ಸಣ್ಣ ರೇಡಿಯೊ ಜೆಟ್ ಸುತ್ತಲಿನ ಅನಿಲವನ್ನು ತಳ್ಳುತ್ತಿರುವುದನ್ನು ತೋರಿಸಿತು. ಕೇಂದ್ರದಿಂದ ಸುಮಾರು 30 ಜ್ಯೋತಿರ್ವರ್ಷದ ಅಳತೆಯಲ್ಲಿ!

ಕಾಲೇಜುಮೇಷ್ಟ್ರು:

ಮೇಡಂ ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಆದರೆ ನಿಲ್ಲಿಸುವ ಕಡೆಯ ಸಾಕ್ಷ್ಯವನ್ನೂ ಇಲ್ಲಿ ಇಡಬೇಕು. ಒಂದು ಉದಾಹರಣೆಗೆ ಮನಸೋತು ಇಡೀ ಚಿತ್ರ ತಿರುಗಿಸಬಾರದು. 1986ರಲ್ಲಿ ಖಗೋಳಜ್ಞರಾದ ಡೆಕೆಲ್, ಸಿಲ್ಕ್ ಬರೆದಾಗಿನಿಂದ ಪುಟ್ಟ ಗೆಲಾಕ್ಸಿಗಳ ಅನಿಲ ಖಾಲಿ ಮಾಡುವುದು ಸೂಪರ್‌ನೋವಾ ಎಂದೇ ಹೇಳಿಕೊಂಡು ಬಂದೆವು. ನಾನೂ ತರಗತಿಯಲ್ಲಿ ಹಾಗೇ ಕಲಿಸಿದೆ. 2018ರಲ್ಲಿ ಸಮಂತಾ ಪೆನ್ನಿ ಮತ್ತು ಜೊತೆಗಾರರು ನಕ್ಷತ್ರ ಹುಟ್ಟು ನಿಂತುಹೋದ 69 ಪುಟ್ಟ ಗೆಲಾಕ್ಸಿಗಳನ್ನು ನೋಡಿದಾಗ ಆರರಲ್ಲಿ ಸಕ್ರಿಯ ಕಪ್ಪುಕುಳಿಯ ಗುರುತು ಸಿಕ್ಕಿತು. ಅಲ್ಲಿ ಮತ್ತೆ ನಕ್ಷತ್ರ ಹುಟ್ಟದಂತೆ ತಡೆಯುತ್ತಿರುವುದು ಅದೇ ಎಂಬುದು ಅವರ ಓದು. ಆವತ್ತಿನಿಂದ ನನ್ನ ಪಾಠ ಬದಲಾಗಿದೆ.

ಪಕ್ಕದ ಮನೆಯ ಕಪ್ಪುಕುಳಿಯೂ ಕೆಲಸ ಮಾಡಬಲ್ಲದು. ಎನ್‌ಜಿಸಿ 541 ಎಂಬ ದೊಡ್ಡ ಗೆಲಾಕ್ಸಿಯ ಜೆಟ್ ಹೋಗುವ ದಾರಿಯಲ್ಲೇ ಮಿಂಕೋವ್ಸ್ಕಿಯ ಕಾಯ ಎಂಬ ಪುಟ್ಟ ನೀಲಿ ಗೆಲಾಕ್ಸಿ ಇದೆ. ಜೆಟ್ ಬಡಿದ ಕಡೆಯೇ ಎಳೆಯ ನಕ್ಷತ್ರಗಳು.

ಹಿರಿಯೂರು_ಹತ್ತಿಂಚು:

ಮೇಡಂ, ಮೇಷ್ಟ್ರೇ, ಇಬ್ಬರಿಗೂ ವಂದನೆ. ಬೆಳಿಗ್ಗೆಯೇ ನನ್ನ ನೋಟ್‌ಬುಕ್ಕಿನ ಚಿತ್ರವನ್ನು ನಕ್ಷೆಯ ಪಕ್ಕ ಇಟ್ಟು ಅಳೆದೆ. ಗೆಲಾಕ್ಸಿಯ ನಡುವಿನಿಂದ 4401ಕ್ಕೆ ಎರಡು ಆರ್ಕ್‌ಮಿನಿಟ್ (ಡಿಗ್ರಿಯ ಅರವತ್ತರಲ್ಲೊಂದು ಪಾಲು) ಚಿಲ್ಲರೆ. 1.4 ಕೋಟಿ ಜ್ಯೋತಿರ್ವರ್ಷ ದೂರಕ್ಕೆ ಅದು ಎಂಟು ಸಾವಿರ ಜ್ಯೋತಿರ್ವರ್ಷ ಆಗುತ್ತದೆ. ಜೆಟ್ ತಳ್ಳುತ್ತಿರುವುದು 30ರೊಳಗೆ. ಅಂದರೆ ನಾನು ನೋಡಿದ ಚುಕ್ಕೆಗೂ ಆ ಕಪ್ಪುಕುಳಿಗೂ ಸದ್ಯಕ್ಕೆ ಲೇವಾದೇವಿಯೇ ಇಲ್ಲ. ಎರಡು ದಿನದಿಂದ ಕೊರೆಯುತ್ತಿದ್ದದ್ದು ಇಷ್ಟೇ.

ಈಗ ಹೆನಿಝ್ 2-10 ನೋಡಲೇಬೇಕು ಅನ್ನಿಸಿದೆ. ಪಿಕ್ಸಿಸ್ ಪುಂಜ, ಸುಮಾರು 26 ಡಿಗ್ರಿ ದಕ್ಷಿಣ, ನಮ್ಮೂರಿಂದ ಸಾಕಷ್ಟು ಮೇಲೇ ಬರುತ್ತದೆ. ಏಪ್ರಿಲ್ ಅಮಾವಾಸ್ಯೆಗೆ ಕತ್ತಲಾದ ಕೂಡಲೇ ಹಿಡಿಯಬೇಕು, ಆಮೇಲೆ ಪಶ್ಚಿಮಕ್ಕೆ ವಾಲಿಬಿಡುತ್ತದೆ. ಹತ್ತಿಂಚಿನಲ್ಲಿ ಅದನ್ನು ಕಂಡವರು ಯಾರಾದರೂ ಇದ್ದರೆ ಯಾವ ನಕ್ಷತ್ರದಿಂದ ಹೊರಟಿರಿ, ಯಾವ ಐಪೀಸ್ ಹಾಕಿದಿರಿ, ದಯವಿಟ್ಟು ಬರೆಯಿರಿ.