ಒಂಟಿಯಾಗಿರುವ ಹಿರಿಯರ ಪಟ್ಟಿ ಮಾಡಲು ಹೊರಟಿದ್ದೇವೆ: ಕೋವಿಡ್ ಕಾಲದಲ್ಲಿ ನಿಮ್ಮೂರಿನಲ್ಲಿ ಏನು ನಡೆಯಿತು?

ಪ್ರಶ್ನೆ: ಗ್ರಾಮ ಪಂಚಾಯ್ತಿ ಸದಸ್ಯೆ, ಚಿಂತಾಮಣಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. 2020ರ ಡಿಸೆಂಬರಿನಲ್ಲಿ ನಡೆದ ಪಂಚಾಯ್ತಿ ಚುನಾವಣೆಯಲ್ಲಿ ಮೊದಲ ಬಾರಿಗೆ ಆರಿಸಿ ಬಂದವಳು ನಾನು. ಕಚೇರಿಯ ಕಡತಗಳ ಪರಿಚಯವಾಗುವ ಮೊದಲೇ ಎರಡನೇ ಅಲೆ ಬಂದಿತು; ಕಾರ್ಯಪಡೆಯ ಸದಸ್ಯೆಯಾಗಿ ಮನೆಮನೆ ತಿರುಗಬೇಕಾಯಿತು. ದಾನಿಗಳು ಕೊಟ್ಟ ದಿನಸಿ ಹಂಚಿದೆವು, ಬೀದಿಗಳಿಗೆ ಔಷಧ ಸಿಂಪಡಿಸಿದೆವು, ಹೊರಗಿನಿಂದ ಬಂದವರ ಹೆಸರು ಬರೆದುಕೊಂಡೆವು. ಇಷ್ಟೆಲ್ಲ ನಡೆಯುತ್ತಿರುವಾಗಲೇ, ಮಕ್ಕಳನ್ನು ಬೆಂಗಳೂರಿಗೆ ಕಳುಹಿಸಿ ಊರಿನಲ್ಲಿ ಒಬ್ಬರೇ ಉಳಿದಿದ್ದ ಅಜ್ಜಿಯೊಬ್ಬರ ಬಿ.ಪಿ. ಮಾತ್ರೆ ಮುಗಿದು ಹನ್ನೊಂದು ದಿನವಾಗಿತ್ತೆಂಬುದು ನಮಗೆ ತಿಳಿದದ್ದು ಅವರು ಜಗಲಿಯ ಮೇಲೆ ತಲೆಸುತ್ತಿ ಬಿದ್ದ ನಂತರ. ಅದಕ್ಕೆ ಮೊದಲು ನಾನೇ ಎರಡು ಸಲ ಆ ಮನೆಯ ಬಾಗಿಲಿಗೆ ಹೋಗಿ ಅಕ್ಕಿ, ಬೇಳೆ, ಎಣ್ಣೆ ಇಟ್ಟು ಬಂದಿದ್ದೆ. ಮಾತ್ರೆಯ ವಿಷಯ ಕೇಳಿರಲಿಲ್ಲ. ಅಜ್ಜಿ ಚೇತರಿಸಿಕೊಂಡರು, ಇಂದಿಗೂ ನನ್ನನ್ನು ಕಂಡರೆ ಎಲೆಅಡಿಕೆ ಕೊಡುತ್ತಾರೆ. ನನಗೇ ಮುಖ ಕೊಟ್ಟು ಮಾತನಾಡಲು ಸಂಕೋಚ.

ಕಳೆದ ಗ್ರಾಮಸಭೆಯಲ್ಲಿ ಹಿರಿಯರೊಬ್ಬರು ಎದ್ದು ನಿಂತು, ಅಂಥದೇ ಕಾಯಿಲೆ ಮತ್ತೆ ಬಂದರೆ ತಮ್ಮ ಬಾಗಿಲಿಗೆ ಬರುವವರು ಯಾರು ಎಂದು ಕೇಳಿದರು. ಒಂಟಿಯಾಗಿರುವ ಮತ್ತು ವೃದ್ಧ ದಂಪತಿಗಳಷ್ಟೇ ಇರುವ ಮನೆಗಳ ಪಟ್ಟಿಯೊಂದನ್ನು ಈಗಲೇ ಸಿದ್ಧಪಡಿಸಬೇಕೆಂದು ತೀರ್ಮಾನಿಸಿದ್ದೇವೆ. ಪಟ್ಟಿಯನ್ನು ಯಾರ ಕೈಯಲ್ಲಿ ಇಡಬೇಕು, ಬೀರುವಿನಲ್ಲಿ ಧೂಳು ಹಿಡಿಯದಂತೆ ಹೇಗೆ ನೋಡಿಕೊಳ್ಳಬೇಕು, ಏನೇನು ಬರೆದುಕೊಳ್ಳಬೇಕು ಎಂಬುದನ್ನು ಆ ಎರಡು ವರ್ಷ ಓಡಾಡಿದವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಹಾಲಿನ ಡೇರಿ ಕಾರ್ಯದರ್ಶಿ, ಶಿಡ್ಲಘಟ್ಟ ತಾಲ್ಲೂಕು

ಸದಸ್ಯರೇ, ಪಿಂಚಣಿ ಪಟ್ಟಿಯನ್ನೇ ನಕಲು ಮಾಡಿಕೊಂಡರೆ ಸಾಕೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಸಂಧ್ಯಾ ಸುರಕ್ಷಾ ಯೋಜನೆ 65 ವರ್ಷ ದಾಟಿದ ಬಡವರಿಗೆ ಮಾತ್ರ. ಹೆಸರಿಗೆ ನಾಲ್ಕು ಎಕರೆ ಜಮೀನು, ಸರ್ಕಾರಿ ನೌಕರಿಯಲ್ಲಿರುವ ಮಗ ಎಲ್ಲವೂ ಇದ್ದು ರಾತ್ರಿ ಒಂದು ಲೋಟ ನೀರು ಕೊಡುವವರಿಲ್ಲದ ಮನೆಗಳು ಆ ಪಟ್ಟಿಯಲ್ಲಿ ಸಿಗುವುದಿಲ್ಲ. ನಮ್ಮೂರಿನಲ್ಲಿ ಕಷ್ಟಪಟ್ಟವರಲ್ಲಿ ಹೆಚ್ಚಿನವರು ಅಂಥವರೇ, ಏಕೆಂದರೆ ಅವರು ಬಾಯಿಬಿಟ್ಟು ಕೇಳುವವರಲ್ಲ.

2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡರೂ ಹಸುಗಳು ಹಾಲು ಕೊಡುವುದನ್ನು ನಿಲ್ಲಿಸಲಿಲ್ಲ, ಆದ್ದರಿಂದ ನಾವೂ ಡೇರಿ ಮುಚ್ಚಲಿಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಊರಿನ ಮುಕ್ಕಾಲು ಪಾಲು ಮನೆಯವರು ನನ್ನ ಕಣ್ಣೆದುರು ಹಾದುಹೋಗುತ್ತಾರೆ. ಸುಣ್ಣದಲ್ಲಿ ವೃತ್ತ ಬರೆದು ಅದರೊಳಗೆ ಕ್ಯಾನು ಇಡಿಸುತ್ತಿದ್ದೆವು. ಒಂದೇ ಹಸು ಕಟ್ಟಿಕೊಂಡು ಜೀವನ ಮಾಡುವ ಎಪ್ಪತ್ತೆರಡರ ಒಬ್ಬ ಅಮ್ಮ ಪ್ರತಿದಿನ ಸಂಜೆ ಮೂರೂವರೆ ಲೀಟರು ಹಾಕುತ್ತಿದ್ದರು. ಒಂದು ಸಂಜೆ ಎರಡು ಲೀಟರಿಗೆ ಇಳಿಯಿತು, ಮರುದಿನ ಬೆಳಿಗ್ಗೆ ಹಾಲಿನ ಪುಸ್ತಕದಲ್ಲಿ ಅವರ ಸದಸ್ಯ ಸಂಖ್ಯೆಯ ಮುಂದಿನ ಜಾಗ ಖಾಲಿ ಉಳಿಯಿತು. ಹಸುವಿಗೆ ಏನೋ ಆಗಿರಬೇಕೆಂದು ಹುಡುಗನನ್ನು ಕಳುಹಿಸಿದೆ. ಹಸು ಚೆನ್ನಾಗಿಯೇ ಇತ್ತು, ಮೇವು ಹಾಕುವವರೇ ಏಳಲಾಗದೆ ಮಲಗಿದ್ದರು. ಆ ದಿನದಿಂದ ವಯಸ್ಸಾದ ಸದಸ್ಯರ ಸಂಖ್ಯೆಗಳ ಪಕ್ಕದಲ್ಲಿ ಪೆನ್ಸಿಲಿನಿಂದ ಚುಕ್ಕೆ ಇಟ್ಟುಕೊಂಡೆ. ಚುಕ್ಕೆ ಇದ್ದವರು ಒಂದು ಹೊತ್ತು ಬರದಿದ್ದರೆ ಹಾಲಿನ ಲಾರಿ ಹೋದ ಅರ್ಧ ಗಂಟೆಯೊಳಗೆ ಆ ಮನೆಗೆ ಒಬ್ಬರು ಹೋಗುತ್ತಿದ್ದರು.

ಹಸು ಇಲ್ಲದವರ ವಿಷಯದಲ್ಲಿ ನಮ್ಮ ಉಪಾಯ ನಡೆಯಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಅಂಥವರಿಗೆ ನೀರು ಬಿಡುವ ವಾಟರ್‌ಮ್ಯಾನ್, ಅಂಚೆಯವರು, ನ್ಯಾಯಬೆಲೆ ಅಂಗಡಿಯವರು ಇವರಲ್ಲಿ ಯಾರು ಹತ್ತಿರವೋ ಅವರನ್ನು ಗೊತ್ತು ಮಾಡಬೇಕು. ಹೊಸದಾಗಿ ಸಮಿತಿ ಕಟ್ಟುವುದಕ್ಕಿಂತ, ಹೇಗಿದ್ದರೂ ದಿನಾ ಆ ಬೀದಿಯಲ್ಲಿ ಓಡಾಡುವವರಿಗೆ ಒಪ್ಪಿಸುವುದೇ ವಾಸಿ ಎಂಬುದು ನನ್ನ ಅನುಭವ.

ಉತ್ತರ: ನಿವೃತ್ತ ಆರೋಗ್ಯ ಸಹಾಯಕಿ, ಮುಳಬಾಗಿಲು

ಮೇಡಂ, ನೀವು ಬರೆದ ಮಾತ್ರೆಯ ಪ್ರಸಂಗ ನಮ್ಮ ಕಡೆಯೂ ಆಗಿದೆ. 2020ರ ಏಪ್ರಿಲ್ ವೇಳೆಗೆ ಕೇಂದ್ರ ಆರೋಗ್ಯ ಸಚಿವಾಲಯವು ಬಿ.ಪಿ., ಸಕ್ಕರೆ ಕಾಯಿಲೆಯವರಿಗೆ ಮೂರು ತಿಂಗಳವರೆಗಿನ ಮಾತ್ರೆಯನ್ನು ಒಟ್ಟಿಗೆ ಕೊಡಬಹುದು, ಆಶಾ ಕಾರ್ಯಕರ್ತೆಯರ ಮೂಲಕ ಮನೆಗೂ ತಲುಪಿಸಬಹುದು ಎಂದು ಸೂಚಿಸಿತ್ತು. ಆದರೆ ಯಾರಿಗೆ ಯಾವ ಮಾತ್ರೆ ಎಂಬುದು ಅನೇಕ ವೇಳೆ ಆ ಅಜ್ಜಿಗೂ ಗೊತ್ತಿರುವುದಿಲ್ಲ. "ಬಿಳೇದು ಬೆಳಗ್ಗೆ, ಕೆಂಪುದು ರಾತ್ರಿ" ಎನ್ನುತ್ತಾರೆ. ಆದ್ದರಿಂದ ನಿಮ್ಮ ಪಟ್ಟಿಯಲ್ಲಿ ಕಾಯಿಲೆಯ ಹೆಸರಿಗಿಂತ ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಎಂದಿಗೆ ಮುಗಿಯುತ್ತದೆ ಎಂಬುದು ಇರಲಿ. ಮಾತ್ರೆ ಮುಗಿದ ಖಾಲಿ ಸ್ಟ್ರಿಪ್ಪನ್ನು ಎಸೆಯದೆ ದೇವರ ಗೂಡಿನಲ್ಲಿ ಇಡಿ ಎಂದು ನಾನು ಹೇಳುತ್ತಿದ್ದೆ, ಅಲ್ಲಿಟ್ಟರೆ ಕಳೆಯುವುದಿಲ್ಲ.

ಜ್ವರ ಬಂದಿದೆಯೇ ಎಂದಷ್ಟೇ ಕೇಳಿ ಬರುವವರು ಮೋಸ ಹೋಗುತ್ತಾರೆ. ವಯಸ್ಸಾದವರಲ್ಲಿ ಕೋವಿಡ್ ಅನೇಕ ಸಲ ಜ್ವರವಿಲ್ಲದೆಯೇ ಬಂತು: ಊಟ ಸೇರದಿರುವುದು, ಮಂಕು ಕವಿಯುವುದು, ಹೊತ್ತು ಗೊತ್ತಿಲ್ಲದಂತೆ ಮಾತನಾಡುವುದು, ನಡೆಯುತ್ತ ಬೀಳುವುದು. ಆಮ್ಲಜನಕ ಇಳಿದಿದ್ದರೂ ಏದುಸಿರು ಕಾಣದೆ ಆರಾಮಾಗಿ ಮಾತನಾಡುತ್ತಿದ್ದವರನ್ನೂ ನೋಡಿದ್ದೇನೆ. ಪಲ್ಸ್ ಆಕ್ಸಿಮೀಟರಿನಲ್ಲಿ 94ಕ್ಕಿಂತ ಕಡಿಮೆ ತೋರಿಸಿದರೆ ಕಾಯಬಾರದೆಂದು ನಮಗೆ ಹೇಳಿದ್ದರು. ಆದರೆ ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣ ಹಚ್ಚಿದ್ದರೆ ಅಂಕಿ ತಪ್ಪಬಹುದು, ಮೈಬಣ್ಣ ಗಾಢವಾಗಿದ್ದವರಿಗೆ ಇರುವುದಕ್ಕಿಂತ ಹೆಚ್ಚು ತೋರಿಸುವುದೂ ಉಂಟು. ಕೈಯನ್ನು ಉಜ್ಜಿ ಬೆಚ್ಚಗೆ ಮಾಡಿ, ಅಂಕಿ ನಿಲ್ಲುವವರೆಗೆ ಒಂದು ನಿಮಿಷ ಕಾದು ಬರೆದುಕೊಳ್ಳಬೇಕು.

ಲಸಿಕೆಯ ಕಥೆ ದೊಡ್ಡದು, ಚಿಕ್ಕದಾಗಿ ಹೇಳುತ್ತೇನೆ. 2021ರ ಮಾರ್ಚ್ 1ರಿಂದ 60 ದಾಟಿದವರಿಗೆ ಲಸಿಕೆ ಆರಂಭವಾಯಿತು. ನೋಂದಣಿಗೆ ಮೊಬೈಲ್ ಬೇಕಿತ್ತು, ಆಗ ಒಂದು ಸಂಖ್ಯೆಯಲ್ಲಿ ನಾಲ್ವರಿಗೆ ಮಾತ್ರ ಅವಕಾಶವಿತ್ತು. ನನ್ನ ಸಂಖ್ಯೆ, ನನ್ನ ಮಗನ ಸಂಖ್ಯೆ, ಅಂಗನವಾಡಿಯವರ ಸಂಖ್ಯೆ ಎಲ್ಲವೂ ತುಂಬಿಹೋದವು. ಆಟೋದಲ್ಲಿ ಮೈಕ್ ಕಟ್ಟಿ ಅಚ್ಚ ಕನ್ನಡದಲ್ಲಿ ಪ್ರಚಾರ ಮಾಡಿದರೆ, ಮನೆಯಲ್ಲಿ ತೆಲುಗು ಮಾತನಾಡುವ ನಮ್ಮ ಗಡಿಯ ಹಳ್ಳಿಗಳ ಅಜ್ಜಿಯರು ಸುಮ್ಮನೆ ಕೇಳಿಸಿಕೊಂಡು ಒಳಗೆ ಹೋಗುತ್ತಿದ್ದರು. ಕೊನೆಗೆ ಊರಿನವರೇ ಆದ ಒಬ್ಬ ಮುದುಕಿ ಸೂಜಿ ಹಾಕಿಸಿಕೊಂಡು ಅರಳಿಕಟ್ಟೆಯ ಮೇಲೆ ಕುಳಿತು ತೆಲುಗಿನಲ್ಲಿ "ನಾಕೇಮೀ ಕಾಲೇದು" (ನನಗೇನೂ ಆಗಲಿಲ್ಲ) ಎಂದಾಗಲೇ ಸಾಲು ಬೆಳೆದದ್ದು.

ಉತ್ತರ: ನಿವೃತ್ತ ಶಿಕ್ಷಕ, 76 ವರ್ಷ, ತುಮಕೂರು ನಗರ

ಮೇಲಿನ ಉತ್ತರಗಳೆಲ್ಲ ಸಹಾಯ ಮಾಡಿದವರದು. ಪಡೆದುಕೊಂಡವನ ಮಾತನ್ನೂ ಕೇಳಿ, ತಾಯಿ. 65 ದಾಟಿದವರು ಮನೆಯಿಂದ ಹೊರಬರಬಾರದೆಂದು ತಿಂಗಳುಗಟ್ಟಲೆ ಹೇಳಿದರು. ಅಮಾನಿಕೆರೆಯ ದಡದಲ್ಲಿ ದಿನಾ ಬೆಳಿಗ್ಗೆ ನಡೆಯುತ್ತಿದ್ದ ನಾವು ಐವರು ಗೆಳೆಯರು. ಮತ್ತೆ ಸೇರುವ ಹೊತ್ತಿಗೆ ಮೂವರಾಗಿದ್ದೆವು. ಒಬ್ಬರ ಮುಖವನ್ನು ಕಡೆಯ ಬಾರಿಗೂ ನೋಡಲಾಗಲಿಲ್ಲ.

ನಮ್ಮ ಬಡಾವಣೆಯ ಯುವಕರು ಒಳ್ಳೆಯವರು, ದಿನಸಿ ತಂದರು. ನನ್ನ ಅಡುಗೆಮನೆಯಲ್ಲಿ ದಿನಸಿಗೆ ಕೊರತೆ ಇರಲಿಲ್ಲ. ಕೊರತೆಯಿದ್ದದ್ದು ಶ್ರವಣ ಸಾಧನದ ಬಟಾಣಿಯಷ್ಟು ಗಾತ್ರದ ಬ್ಯಾಟರಿಗೆ. ಅಂಗಡಿ ಮುಚ್ಚಿತ್ತು. ಅದಿಲ್ಲದಿದ್ದಾಗ ನಾನು ಎದುರಿನವರ ತುಟಿ ನೋಡಿ ಅರ್ಥಮಾಡಿಕೊಳ್ಳುವವನು, ಎಲ್ಲರ ತುಟಿಯೂ ಮಾಸ್ಕಿನ ಹಿಂದೆ ಹೋಯಿತು. ಬಂದವರು ಕೂಗಿ ಕೂಗಿ ಏನೋ ಕೇಳಿದರು, ನಾನು ಎಲ್ಲದಕ್ಕೂ ಹೂಂ ಎಂದೆ, ಅವರು "ಕ್ಷೇಮ" ಎಂದು ಬರೆದುಕೊಂಡು ಹೋದರು. ಒಂದು ಸ್ಲೇಟು ತಂದಿದ್ದರೆ ಸಾಕಾಗಿತ್ತು. ಇನ್ನೊಂದು ಮಾತು: ಚೀಲ ಕೊಡುವಾಗ ಫೋಟೋ ತೆಗೆಯುವ ಪದ್ಧತಿಯನ್ನು ದಯವಿಟ್ಟು ಬಿಡಿಸಿ. ನಲವತ್ತು ವರ್ಷ ಪಾಠ ಹೇಳಿದ ಕೈ ಚಾಚಿದ ಚಿತ್ರವನ್ನು ಹಳೆಯ ವಿದ್ಯಾರ್ಥಿಗಳು ಮೊಬೈಲಿನಲ್ಲಿ ನೋಡುವುದು ನನಗೆ ಬೇಡವಾಗಿತ್ತು, ಚೀಲವನ್ನು ಹಿಂದಿರುಗಿಸಿದೆ.

ಪಟ್ಟಿಯ ವಿಷಯ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯಡಿ ಕೇಂದ್ರವು ರೂಪಿಸಿದ ಮಾದರಿ ನಿಯಮಗಳಲ್ಲಿ, ಪ್ರತಿಯೊಂದು ಪೊಲೀಸ್ ಠಾಣೆಯೂ ತನ್ನ ವ್ಯಾಪ್ತಿಯ ಹಿರಿಯರ, ವಿಶೇಷವಾಗಿ ಒಂಟಿಯಾಗಿರುವವರ ಪಟ್ಟಿ ಇಡಬೇಕು, ತಿಂಗಳಿಗೊಮ್ಮೆಯಾದರೂ ಭೇಟಿ ಕೊಡಬೇಕು ಎಂದಿದೆ. ಠಾಣೆಗೆ ಹೋಗಿ ಒಮ್ಮೆ ವಿಚಾರಿಸಿ. ನಿಮ್ಮ ಪಟ್ಟಿಯನ್ನಂತೂ ನೋಟಿಸ್ ಬೋರ್ಡಿಗೆ ಅಂಟಿಸಬೇಡಿ: ಯಾವ ಮನೆಯಲ್ಲಿ ಮುದುಕರು ಒಬ್ಬರೇ ಇದ್ದಾರೆಂದು ಕಳ್ಳರಿಗೂ ತಿಳಿಯುತ್ತದೆ. ಹೆಸರು ಬರೆದುಕೊಳ್ಳುವ ಮುನ್ನ ಅವರ ಒಪ್ಪಿಗೆ ಕೇಳಿ. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567 ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಇರುತ್ತದೆ, ಅದನ್ನು ದೊಡ್ಡ ಅಂಕಿಗಳಲ್ಲಿ ಬರೆದು ಗೋಡೆಗೆ ಅಂಟಿಸಿಕೊಟ್ಟರೆ ಕನ್ನಡಕ ಹುಡುಕುವ ಕೆಲಸ ತಪ್ಪುತ್ತದೆ.

ಪ್ರಶ್ನೆ ಕೇಳಿದವರು

ಮೇಷ್ಟ್ರೇ, ಸ್ಲೇಟಿನ ಮಾತು ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ಪಟ್ಟಿಯ ಮೊದಲ ಕಾಲಮ್ಮಿನಲ್ಲಿ "ನಿಮಗೆ ಏನು ಬೇಕು" ಎಂಬುದನ್ನು ಅವರ ಮಾತಿನಲ್ಲಿಯೇ ಬರೆಯುತ್ತೇವೆ. ಕಿವಿ, ಕಣ್ಣು, ಮನೆಮಾತು, ಮಾತ್ರೆ ಅದರ ನಂತರ. ಎರಡು ಪ್ರತಿ ಮಾತ್ರ, ಒಂದು ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಲ್ಲಿ, ಒಂದು ಆಶಾ ಅವರಲ್ಲಿ. ಕಾರ್ಯದರ್ಶಿಗಳೇ, ನಮ್ಮೂರಿನ ಡೇರಿಯವರನ್ನು ಪ್ರತಿದಿನ ಪುಸ್ತಕ ತೋರಿಸಿ ಎಂದು ಕೇಳಬಹುದೇ?

ಡೇರಿ ಕಾರ್ಯದರ್ಶಿ

ಪುಸ್ತಕ ಕೇಳಬೇಡಿ, ಅದರಲ್ಲಿ ಎಲ್ಲರ ಬಟವಾಡೆಯ ಲೆಕ್ಕ ಇರುತ್ತದೆ, ಆಡಳಿತ ಮಂಡಳಿ ಒಪ್ಪುವುದಿಲ್ಲ. ಬರದೇ ಹೋದವರ ಹೆಸರನ್ನು ಬಾಯಲ್ಲಿ ಹೇಳಿ ಎಂದು ಕೇಳಿ. ಸಂಜೆ ಏಳರ ಹೊತ್ತಿಗೆ ಫೋನ್ ಮಾಡಿದರೆ ಕ್ಯಾನು ತೊಳೆಯುತ್ತಲೇ ಹೇಳಿಬಿಡುತ್ತಾರೆ.