ಹುಣ್ಣಿಗೆ ಹಾಸುವ ಕೊಲಾಜೆನ್ ಹಾಳೆಯ ಬದಲು ರೇಷ್ಮೆಯ ಪ್ರೋಟೀನ್ ಆದೀತೇ?

ಪ್ರಶ್ನೆ
ನಮ್ಮದು ಶಿಡ್ಲಘಟ್ಟದ ಬಳಿ ರೇಷ್ಮೆ ನೂಲು ಬಿಚ್ಚುವ ಮನೆತನ. ಸಕ್ಕರೆ ಕಾಯಿಲೆಯಿರುವ ಅಮ್ಮನ ಪಾದದ ಹುಣ್ಣು ಎರಡು ತಿಂಗಳಾದರೂ ಮಾಯದಿದ್ದಾಗ, ವೈದ್ಯರು ಅದನ್ನು ಶುಚಿಗೊಳಿಸಿ ಕೊಲಾಜೆನ್ (ಚರ್ಮ, ಮೂಳೆಗಳಲ್ಲಿರುವ ಪ್ರೋಟೀನ್) ಹಾಳೆ ಹಾಸಿ ಪಟ್ಟಿ ಕಟ್ಟಿದರು. ಮುಂದಿನ ಸಲ ಪಟ್ಟಿ ಬಿಚ್ಚಿದಾಗ ಹಾಳೆ ಬಹುಮಟ್ಟಿಗೆ ಕರಗಿಹೋಗಿತ್ತು. ಇದು ಸರಿಯೇ? ರೇಷ್ಮೆಯೂ ಪ್ರೋಟೀನೇ ಅಲ್ಲವೇ? ಗೂಡು ಬೇಯಿಸಿದ ನೀರಿನ ಅಂಟಿಗೂ ಗಾಯ ಮಾಯಿಸುವ ಗುಣವಿದೆ ಎಂಬ ಮಾತು ನಮ್ಮ ಕಡೆ ಕೇಳಿಬರುತ್ತದೆ, ನಿಜವೆಷ್ಟು?

ಉತ್ತರ 1 (ಜೈವಿಕ ವಸ್ತುಗಳ ಸಂಶೋಧಕ)
ಹಾಳೆ ಕರಗಬೇಕಾದದ್ದೇ. ಹಳೆಯ ಹುಣ್ಣಿನಲ್ಲಿ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳು ಮಿತಿಮೀರಿದ್ದು, ಹೊಸದಾಗಿ ಹುಟ್ಟುವ ಅಂಗಾಂಶವನ್ನೂ ತಿಂದುಹಾಕುತ್ತವೆ. ಹೊರಗಿನಿಂದ ಹಾಸಿದ ಕೊಲಾಜೆನ್ ತಾನೇ ಅವುಗಳಿಗೆ ತುತ್ತಾಗಿ ಒಳಗಿನದನ್ನು ಉಳಿಸುತ್ತದೆ. ನಮ್ಮ ದೇಹದ ಪ್ರೋಟೀನಿನಲ್ಲಿ ಸುಮಾರು ಮೂರರಲ್ಲೊಂದು ಪಾಲು ಕೊಲಾಜೆನ್ ಆಗಿರುವುದರಿಂದ ಜೀವಕೋಶಗಳು ಅದನ್ನು ಸುಲಭವಾಗಿ ಗುರುತಿಸಿ ಹಿಡಿದುಕೊಳ್ಳುತ್ತವೆ.

ರೇಷ್ಮೆಯ ಸ್ವಭಾವ ಬೇರೆ. ಎಳೆಯ ಶೇ. 70–75ರಷ್ಟು ಫೈಬ್ರೊಯಿನ್ ಎಂಬ ಪ್ರೋಟೀನ್, ಉಳಿದದ್ದು ಹೆಚ್ಚಾಗಿ ಸೆರಿಸಿನ್ ಎಂಬ ಅಂಟು. ಫೈಬ್ರೊಯಿನ್‌ನಲ್ಲಿ ಗ್ಲೈಸೀನ್ ಮತ್ತು ಅಲನೀನ್ ಎಂಬ ಅಮೈನೋ ಆಮ್ಲಗಳು (ಪ್ರೋಟೀನಿನ ಕೊಂಡಿಗಳು) ಪದೇಪದೇ ಬರುವುದರಿಂದ ಅದರ ಸರಪಳಿಗಳು ಮಡಿಸಿಟ್ಟ ಸೀರೆಯ ಪದರಗಳಂತೆ ಒತ್ತಾಗಿ ಕೂಡಿ ಹರಳುಗಟ್ಟುತ್ತವೆ. ಪ್ರಯೋಗಾಲಯದಲ್ಲಿ ಗೂಡನ್ನು ಸೋಡಿಯಂ ಕಾರ್ಬೊನೇಟ್‌ನಲ್ಲಿ ಕುದಿಸಿ ಅಂಟು ತೆಗೆದು, ಎಳೆಯನ್ನು ಲಿಥಿಯಂ ಬ್ರೋಮೈಡ್‌ನಲ್ಲಿ ಕರಗಿಸಿ, ಡಯಾಲಿಸಿಸ್ ಮೂಲಕ ಆ ಲವಣವನ್ನು ಹೊರತೆಗೆದು ಹಾಳೆ ಮಾಡುತ್ತಾರೆ. ಆಮೇಲೆ ಮೆಥನಾಲ್ ಅಥವಾ ನೀರಾವಿಯಿಂದ ಹರಳಿನ ಪ್ರಮಾಣ ಹೆಚ್ಚಿಸಿದಷ್ಟೂ ಹಾಳೆ ನಿಧಾನವಾಗಿ ಕರಗುತ್ತದೆ. ಕರಗುವ ವೇಗ ಹೀಗೆ ನಮ್ಮ ಕೈಯಲ್ಲಿರುವುದೇ, ನನ್ನ ಮಟ್ಟಿಗೆ, ರೇಷ್ಮೆಯ ದೊಡ್ಡ ಬಲ. ಆದರೆ ಜೀವಕೋಶಗಳು ಅಂಟಿಕೊಳ್ಳಲು ನೆರವಾಗುವ ಆರ್ಜಿನೀನ್–ಗ್ಲೈಸೀನ್–ಆಸ್ಪಾರ್ಟಿಕ್ ಆಮ್ಲದ ಸರಣಿ ನಮ್ಮ ಹಿಪ್ಪುನೇರಳೆ ರೇಷ್ಮೆಯ ಫೈಬ್ರೊಯಿನ್‌ನಲ್ಲಿಲ್ಲ. ಅದು ಕಾಡಿನ ಟಸಾರ್‌ನಲ್ಲಿದೆ.

ಉತ್ತರ 2 (ಮಧುಮೇಹಿಗಳ ಪಾದದ ಆರೈಕೆಯಲ್ಲಿರುವ ಶುಶ್ರೂಷಕಿ)
ದಯವಿಟ್ಟು ಗೂಡು ಬೇಯಿಸಿದ ನೀರನ್ನು ಹುಣ್ಣಿಗೆ ಸೋಕಿಸಬೇಡಿ. ಅದರಲ್ಲಿ ಸೆರಿಸಿನ್ ಇರುವುದು ನಿಜ, ಆದರೆ ಬೆಂದ ಹುಳುವಿನ ಅಂಶವೂ ಕೊಳೆಯೂ ಇರುತ್ತವೆ. ಸಂಶೋಧಕರು ಬಳಸುವುದು ಶುದ್ಧಗೊಳಿಸಿದ ಸೆರಿಸಿನ್. ಹಾಳೆ ಯಾವುದೇ ಇರಲಿ, ಪಾದಕ್ಕೆ ರಕ್ತ ಸರಿಯಾಗಿ ಹರಿಯದೆ, ಸೋಂಕು ಮತ್ತು ಸಕ್ಕರೆ ಹತೋಟಿಗೆ ಬರದೆ, ಹುಣ್ಣಿನ ಮೇಲೆ ನಡಿಗೆಯ ಭಾರ ಬೀಳುವುದು ತಪ್ಪದೆ ಅದು ಮಾಯುವುದು ಕಷ್ಟ. ತಾಯಿಯವರು ಒತ್ತಡ ಇಳಿಸುವ ಪಾದರಕ್ಷೆ ಧರಿಸುತ್ತಿದ್ದಾರೆಯೇ?

ಪ್ರಶ್ನೆ ಕೇಳಿದವರು
ಇಲ್ಲ ಮೇಡಂ, ಆ ವಿಷಯ ಯಾರೂ ತಿಳಿಸಿರಲಿಲ್ಲ. ನಾಳೆಯೇ ವೈದ್ಯರನ್ನು ಕೇಳುತ್ತೇನೆ. ಇನ್ನೊಂದು ಸಂದೇಹ: ಶಸ್ತ್ರಚಿಕಿತ್ಸೆಯಲ್ಲಿ ರೇಷ್ಮೆ ದಾರವನ್ನು ಕರಗದ ಹೊಲಿಗೆ ಎನ್ನುತ್ತಾರಲ್ಲ, ಮತ್ತೆ ಹಾಳೆ ಹೇಗೆ ಕರಗುತ್ತದೆ?

ಉತ್ತರ 1
ಆ ವರ್ಗೀಕರಣ ಸ್ವಲ್ಪ ದಾರಿತಪ್ಪಿಸುವಂಥದ್ದು. ದೇಹದೊಳಗೆ ಉಳಿದ ರೇಷ್ಮೆ ದಾರವೂ ಸುಮಾರು ಒಂದು ವರ್ಷದಲ್ಲಿ ತನ್ನ ಬಿಗಿಯನ್ನು ಬಹುಪಾಲು ಕಳೆದುಕೊಳ್ಳುತ್ತದೆ. ಹೊಲಿಗೆಯ ಲೆಕ್ಕದಲ್ಲಿ ಅದು ತೀರ ನಿಧಾನವಾದ್ದರಿಂದ ಕರಗದ ಗುಂಪಿಗೆ ಸೇರಿಸಿದ್ದಾರೆ. ನೇಯ್ದ ದಾರದಲ್ಲಿ ಹರಳಿನ ಅಂಶ ಹೆಚ್ಚು, ಕರಗಿಸಿ ಮಾಡಿದ ಹಾಳೆಯಲ್ಲಿ ಅದನ್ನು ಬೇಕಾದಷ್ಟು ಕಡಿಮೆ ಇಡಬಹುದು.