ತರಬೇತಿ ಪ್ರಮಾಣಪತ್ರವಿಲ್ಲದ ಮೆಕ್ಯಾನಿಕ್ ಆಸ್ಟ್ರೇಲಿಯಾ ವೀಸಾಕ್ಕೆ ತನ್ನ ಅನುಭವವನ್ನು ಹೇಗೆ ಸಾಬೀತುಪಡಿಸಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನಗೆ ಈಗ 32 ವರ್ಷ. ಕಾರು ರಿಪೇರಿಯ ಕೆಲಸವನ್ನು ಯಾವ ತರಬೇತಿ ಕೇಂದ್ರದಲ್ಲೂ ಕಲಿಯದೆ, ಗ್ಯಾರೇಜಿನಲ್ಲಿ ಮೇಸ್ತ್ರಿಯ ಪಕ್ಕದಲ್ಲಿ ನಿಂತು ಕಲಿತವನು ನಾನು. ಮೊದಲ ಗ್ಯಾರೇಜಿನಲ್ಲಿ ಸುಮಾರು ಆರು ವರ್ಷ ಇದ್ದೆ. ಆರಂಭದಲ್ಲಿ ಸಾಮಾನು ಎತ್ತಿಕೊಡುವ ಹುಡುಗನಾಗಿದ್ದವನು, ಬಿಡುವ ಹೊತ್ತಿಗೆ ಎಂಜಿನ್ ಇಳಿಸಿ ಮತ್ತೆ ಕೂರಿಸುವ ಕೆಲಸವನ್ನು ಒಬ್ಬನೇ ಮಾಡುತ್ತಿದ್ದೆ. ಅಲ್ಲಿ ಸಂಬಳವನ್ನೆಲ್ಲ ನಗದಾಗಿ ಕೊಡುತ್ತಿದ್ದರು. ಮಾಲೀಕರಿಗೆ ವಯಸ್ಸಾದ ಕಾರಣ ಆ ಗ್ಯಾರೇಜ್ ಈಗ ಮುಚ್ಚಿದೆ. ಎರಡನೆಯ ಗ್ಯಾರೇಜಿನಲ್ಲಿ ಐದು ವರ್ಷದಿಂದ ಇದ್ದೇನೆ. ಇಲ್ಲಿ ಸಂಬಳ ಬ್ಯಾಂಕ್ ಖಾತೆಗೆ ಬರುತ್ತದೆ, ತೆರಿಗೆ ರಿಟರ್ನ್ ಕೂಡ ಸಲ್ಲಿಸಿದ್ದೇನೆ.

ಆಸ್ಟ್ರೇಲಿಯಾದ ಕೌಶಲ ಆಧಾರಿತ ವೀಸಾಕ್ಕೆ ಅರ್ಜಿ ಹಾಕಬೇಕೆಂದಿದ್ದೇನೆ. ನಾನು ಕಲಿತಿದ್ದಕ್ಕೆ ಕಾಗದವೇ ಇಲ್ಲದಿರುವಾಗ ಕೆಲಸ ಬಲ್ಲೆ ಎಂಬುದನ್ನು ಅವರು ಯಾವ ಆಧಾರದ ಮೇಲೆ ಒಪ್ಪುತ್ತಾರೆ, ಮತ್ತು ಮುಚ್ಚಿಹೋದ ಗ್ಯಾರೇಜಿನ ಆರು ವರ್ಷಗಳನ್ನು ಲೆಕ್ಕಕ್ಕೆ ತರುವ ದಾರಿ ಇದೆಯೇ ಎಂದು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1: ಇದೇ ವೃತ್ತಿಯಲ್ಲಿ ಮೌಲ್ಯಮಾಪನ ಮುಗಿಸಿದವರು

ನಮಸ್ಕಾರ. ಪ್ರಮಾಣಪತ್ರವಿಲ್ಲ ಎಂಬ ಒಂದೇ ಕಾರಣಕ್ಕೆ ಧೈರ್ಯಗೆಡಬೇಡಿ. ಮೋಟರ್ ಮೆಕ್ಯಾನಿಕ್ ಸೇರಿದಂತೆ ಹೆಚ್ಚಿನ ಕುಶಲ ವೃತ್ತಿಗಳವರ ಕೆಲಸವನ್ನು ವೀಸಾಕ್ಕಾಗಿ ಅಳೆಯುವ, ಅಂದರೆ ಕೌಶಲ ಮೌಲ್ಯಮಾಪನ ಮಾಡುವ ಸಂಸ್ಥೆ ಟ್ರೇಡ್ಸ್ ರೆಕಗ್ನಿಷನ್ ಆಸ್ಟ್ರೇಲಿಯಾ. ಕೆಲಸದಲ್ಲೇ ಕಲಿತವರ ಅರ್ಜಿಯನ್ನೂ ಅದು ಪರಿಗಣಿಸುತ್ತದೆ. ಆದರೆ ತರಬೇತಿ ಪಡೆದವರಿಗಿಂತ ಹೆಚ್ಚು ವರ್ಷಗಳ ಅನುಭವವನ್ನು ನಮ್ಮಂಥವರಿಂದ ಕೇಳುತ್ತದೆ. ಜೊತೆಗೆ ಅರ್ಜಿಗೆ ಹಿಂದಿನ ಮೂರು ವರ್ಷಗಳಲ್ಲಿ ಕನಿಷ್ಠ 12 ತಿಂಗಳು ಅದೇ ವೃತ್ತಿಯಲ್ಲಿ ಸಂಬಳ ಪಡೆದು ಪೂರ್ಣಾವಧಿ ದುಡಿದಿರಬೇಕು. ಈ ಎರಡನೆಯ ಷರತ್ತು ನಿಮಗೆ ತೊಡಕಾಗುವುದಿಲ್ಲ. ನೀವು ಯಾವ ಯೋಜನೆಯಡಿ ಅರ್ಜಿ ಹಾಕಬೇಕು ಎಂಬುದು ವೃತ್ತಿ, ವೀಸಾದ ಬಗೆ ಮತ್ತು ಪಾಸ್‌ಪೋರ್ಟ್ ಯಾವ ದೇಶದ್ದು ಎಂಬುದನ್ನು ಅವಲಂಬಿಸಿರುತ್ತದೆ. ಆದ್ದರಿಂದ ಸಂಸ್ಥೆಯ ಜಾಲತಾಣದಲ್ಲಿರುವ ಅರ್ಜಿದಾರರ ಕೈಪಿಡಿಯ ಇತ್ತೀಚಿನ ಆವೃತ್ತಿಯನ್ನೇ ಓದಿ ಮುಂದುವರಿಯಿರಿ.

ಎಲ್ಲಕ್ಕಿಂತ ಹೆಚ್ಚು ಶ್ರಮ ಹಾಕಬೇಕಾದದ್ದು ಮಾಲೀಕರ ಪತ್ರಕ್ಕೆ. ನಮ್ಮ ಕಡೆಯ ಮಾಲೀಕರು ಸಾಮಾನ್ಯವಾಗಿ "ಇವರು ನಮ್ಮಲ್ಲಿ ಮೆಕ್ಯಾನಿಕ್ ಆಗಿ ಪ್ರಾಮಾಣಿಕವಾಗಿ ದುಡಿದಿದ್ದಾರೆ, ಇವರ ನಡತೆ ಉತ್ತಮವಾಗಿದೆ" ಎಂದು ಎರಡು ಸಾಲು ಬರೆದು ಸಹಿ ಹಾಕಿಕೊಡುತ್ತಾರೆ. ಅದು ನಡತೆಯ ಪತ್ರವಾಯಿತೇ ಹೊರತು ಅನುಭವದ ಪತ್ರವಾಗಲಿಲ್ಲ. ಸೇರಿದ ಮತ್ತು ಬಿಟ್ಟ ದಿನಾಂಕ, ಹುದ್ದೆ, ಪೂರ್ಣಾವಧಿಯೋ ಅರೆಕಾಲಿಕವೋ, ವಾರಕ್ಕೆ ಎಷ್ಟು ಗಂಟೆ, ಯಾವ ಕೆಲಸಗಳು, ಯಾವ ಉಪಕರಣಗಳು, ಪತ್ರ ಬರೆದವರ ಹೆಸರು, ಹುದ್ದೆ ಮತ್ತು ಸಂಪರ್ಕದ ವಿವರ, ಇಷ್ಟೂ ಅದರಲ್ಲಿರಬೇಕು. "ಎಂಜಿನ್ ರಿಪೇರಿ" ಎಂದು ಒಂದೇ ಮಾತಿನಲ್ಲಿ ಮುಗಿಸುವ ಬದಲು, ಸಿಲಿಂಡರ್ ಹೆಡ್ ಇಳಿಸಿ ಗ್ಯಾಸ್ಕೆಟ್ ಬದಲಿಸಿದ್ದು, ಕಂಪ್ರೆಷನ್ ಪರೀಕ್ಷೆ ಮಾಡಿದ್ದು, ಟೈಮಿಂಗ್ ಬೆಲ್ಟ್ ಹಾಕಿದ್ದು, ಸ್ಕ್ಯಾನರ್ ಜೋಡಿಸಿ ದೋಷದ ಕೋಡ್ ಓದಿ ಅದರ ಮೂಲ ಕಾರಣ ಹುಡುಕಿದ್ದು, ಬ್ರೇಕಿನ ಹೈಡ್ರಾಲಿಕ್ ಭಾಗಗಳನ್ನು ಬಿಚ್ಚಿ ಜೋಡಿಸಿದ್ದು ಎಂದು ಬಿಡಿಬಿಡಿಯಾಗಿ ಬರೆಸಿ. ANZSCO ಎಂಬ ವೃತ್ತಿಗಳ ವರ್ಗೀಕರಣದಲ್ಲಿ ಮೋಟರ್ ಮೆಕ್ಯಾನಿಕ್‌ನ ಸಂಕೇತ ಸಂಖ್ಯೆ 321211. ಅಲ್ಲಿರುವ ಕೆಲಸಗಳ ಪಟ್ಟಿಯನ್ನು ಓದಿ, ನೀವು ನಿಜವಾಗಿ ಮಾಡಿದ್ದನ್ನು ಮಾತ್ರ ಬರೆಸಿ. ಅದೇ ವಾಕ್ಯಗಳನ್ನು ಹಾಗೆಯೇ ನಕಲಿಳಿಸಿದ ಪತ್ರವನ್ನು ನೋಡಿದ ಕೂಡಲೇ ಪರಿಶೀಲಕರಿಗೆ ಅನುಮಾನ ಬರುತ್ತದೆ.

ಇನ್ನೊಂದು ವಿಷಯ. ಸಾಮಾನು ಎತ್ತಿಕೊಡುತ್ತಿದ್ದ, ಭಾಗಗಳನ್ನು ಡೀಸೆಲ್‌ನಲ್ಲಿ ತೊಳೆಯುತ್ತಿದ್ದ ಆರಂಭದ ಕಾಲವನ್ನು ಮೆಕ್ಯಾನಿಕ್ ಆಗಿ ದುಡಿದ ಕಾಲವೆಂದು ತೋರಿಸಬೇಡಿ. ಅದನ್ನು ಸಹಾಯಕನಾಗಿ ಕಲಿತ ಕಾಲವೆಂದೇ ಬರೆಸಿ, ಸ್ವತಂತ್ರವಾಗಿ ಕೆಲಸ ಮಾಡಲು ಶುರುಮಾಡಿದ್ದು ಯಾವಾಗಿನಿಂದ ಎಂಬುದನ್ನು ಪತ್ರದಲ್ಲಿ ಬೇರೆಯಾಗಿ ನಮೂದಿಸಿ. ಕಲಿತ ಬಗೆ ಹೀಗೆ ಹಂತ ಹಂತವಾಗಿ ಕಂಡರೆ ಅದರಿಂದ ನಿಮಗೆ ಅನುಕೂಲವೇ ಆಗುತ್ತದೆ.

ಉತ್ತರ 2: ಲೆಕ್ಕಪತ್ರದ ಕೆಲಸದಲ್ಲಿರುವವರು

ಮೇಲಿನವರು ಪತ್ರದ ಬಗ್ಗೆ ಹೇಳಿದ್ದು ಸರಿಯಾಗಿದೆ. ಆದರೆ ಪತ್ರ ಎಷ್ಟು ಚೆನ್ನಾಗಿದ್ದರೂ ಅದು ಒಬ್ಬರ ಮಾತು ಅಷ್ಟೇ. ಆ ಮಾತಿಗೆ ಹೊರಗಿನಿಂದ ಸಾಕ್ಷಿ ಹೇಳುವ ದಾಖಲೆ ಬೇಕು. ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ತೆರಿಗೆ ರಿಟರ್ನ್, ಭವಿಷ್ಯನಿಧಿಯ ವಿವರ ಇವೆಲ್ಲ ಆ ಸಾಲಿಗೆ ಸೇರುತ್ತವೆ. ಎರಡನೆಯ ಗ್ಯಾರೇಜಿನ ಐದು ವರ್ಷಕ್ಕೆ ನಿಮ್ಮಲ್ಲಿ ಇವುಗಳಲ್ಲಿ ಕೆಲವು ಇವೆ. ಪತ್ರದಲ್ಲಿ ಬರೆದ ಸಂಬಳ, ಖಾತೆಗೆ ಬಂದ ಮೊತ್ತ ಮತ್ತು ರಿಟರ್ನ್‌ನಲ್ಲಿ ತೋರಿಸಿದ ಆದಾಯ ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ಅರ್ಜಿ ಹಾಕುವ ಮೊದಲೇ ಕೂತು ನೋಡಿ. ಸಂಬಳದ ಒಂದು ಭಾಗ ಕೈಗೆ, ಇನ್ನೊಂದು ಭಾಗ ಖಾತೆಗೆ ಬರುತ್ತಿದ್ದರೆ ಅದನ್ನು ಮುಚ್ಚಿಡದೆ ಪತ್ರದಲ್ಲೇ ಹೇಳಿಸಿಬಿಡಿ. ಹೆಸರಿನ ಕಾಗುಣಿತವೂ ಎಲ್ಲ ಕಡೆ ಒಂದೇ ಆಗಿರಲಿ.

ನಗದು ಸಂಬಳದ ಕಾಲಕ್ಕೆ ಇಂಥ ದಾಖಲೆ ಒದಗಿಸುವುದು ಕಷ್ಟ. ಹಾಗೆಂದು ಹಳೆಯ ತಾರೀಖು ಹಾಕಿ ಸಂಬಳದ ಚೀಟಿಗಳನ್ನು ಈಗ ತಯಾರಿಸುವ ಯೋಚನೆ ಯಾರು ಕೊಟ್ಟರೂ ಕಿವಿಗೆ ಹಾಕಿಕೊಳ್ಳಬೇಡಿ. ಆಸ್ಟ್ರೇಲಿಯಾದ ವಲಸೆ ನಿಯಮಗಳಲ್ಲಿ 4020 ಎಂಬ ಸಂಖ್ಯೆಯ ಷರತ್ತೊಂದಿದೆ. ಸುಳ್ಳು ದಾಖಲೆ ಅಥವಾ ದಾರಿತಪ್ಪಿಸುವ ಮಾಹಿತಿ ಕೊಟ್ಟ ಕಾರಣಕ್ಕೆ ಅದರಡಿ ವೀಸಾ ತಿರಸ್ಕೃತವಾದರೆ, ಆ ಷರತ್ತು ಅನ್ವಯವಾಗುವ ಬೇರೆ ವೀಸಾಗಳೂ ಮೂರು ವರ್ಷ ಸಿಗುವುದಿಲ್ಲ. ಕುಟುಂಬದ ಸದಸ್ಯರ ಮೇಲೂ ಅದರ ಪರಿಣಾಮ ಆಗಬಹುದು. ಒಂದೆರಡು ವರ್ಷದ ಅನುಭವ ಲೆಕ್ಕಕ್ಕೆ ಬಾರದೆ ಹೋದರೆ ಆಗುವ ನಷ್ಟ ಇದರ ಮುಂದೆ ಏನೇನೂ ಅಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಮೊದಲ ಗ್ಯಾರೇಜಿನ ಮಾಲೀಕರ ಜೊತೆ ಮಾತಾಡಿದೆ. ಬರೆದುಕೊಡಲು ಅವರು ಸಂತೋಷದಿಂದ ಒಪ್ಪಿದ್ದಾರೆ, ಆದರೆ ಗ್ಯಾರೇಜಿನ ಲೆಟರ್‌ಹೆಡ್ ಒಂದೂ ಉಳಿದಿಲ್ಲ. ಹೊಸದಾಗಿ ಅಚ್ಚು ಹಾಕಿಸಬಹುದೇ? ಇನ್ನೊಂದು ಮಾತು. ನನಗೆ ಪರಿಚಯವಾದ ಒಬ್ಬ ಏಜೆಂಟರು, ಹಣ ಕಟ್ಟಿದರೆ ಯಾವ ಪರೀಕ್ಷೆಯೂ ಇಲ್ಲದೆ ಕೆಲವೇ ವಾರಗಳಲ್ಲಿ ಆಸ್ಟ್ರೇಲಿಯಾದ ಸರ್ಟಿಫಿಕೇಟ್ 3 ಎಂಬ ವೃತ್ತಿ ತರಬೇತಿಯ ಪ್ರಮಾಣಪತ್ರ ಕೊಡಿಸುತ್ತೇನೆ, ಆಮೇಲೆ ಅನುಭವದ ದಾಖಲೆಯ ತಲೆನೋವೇ ಇರುವುದಿಲ್ಲ ಎನ್ನುತ್ತಿದ್ದಾರೆ. ಇದನ್ನು ನಂಬಬಹುದೇ?

ಉತ್ತರ 3: ವಲಸೆ ಅರ್ಜಿಗಳ ಕೆಲಸದಲ್ಲಿ ಅನುಭವವಿರುವವರು

ಲೆಟರ್‌ಹೆಡ್ ಅಚ್ಚು ಹಾಕಿಸಬೇಡಿ. ಇಲ್ಲದ ಗ್ಯಾರೇಜಿನ ಹೆಸರಿನಲ್ಲಿ ಹೊಳೆಯುವ ಹೊಸ ಕಾಗದ ಬಂದರೆ ಪ್ರಾಮಾಣಿಕವಾದ ಮಾತೂ ಕಟ್ಟುಕಥೆಯಂತೆ ಕಾಣಿಸುತ್ತದೆ. ಮಾಲೀಕರು ಬಿಳಿ ಹಾಳೆಯ ಮೇಲೆ, ತಾವು ಯಾರು, ಗ್ಯಾರೇಜ್ ಎಂದಿನಿಂದ ಎಂದಿನವರೆಗೆ ನಡೆಯಿತು, ಯಾಕೆ ಮುಚ್ಚಿತು, ನೀವು ಅಲ್ಲಿ ಯಾವ ಅವಧಿಯಲ್ಲಿ ಏನೇನು ಕೆಲಸ ಮಾಡಿದಿರಿ, ಸಂಬಳವನ್ನು ಹೇಗೆ ಕೊಡಲಾಗುತ್ತಿತ್ತು ಎಂಬುದನ್ನೆಲ್ಲ ಬರೆದು, ಅದನ್ನು ಅಫಿಡವಿಟ್ ಆಗಿ ನೋಟರಿಯ ಮುಂದೆ ಸಹಿ ಮಾಡಿಕೊಡಲಿ. ನೀವೇ ನಿಮ್ಮ ಬಗ್ಗೆ ಮಾಡಿಕೊಳ್ಳುವ ಘೋಷಣೆಗಿಂತ ಇದಕ್ಕೆ ತೂಕ ಹೆಚ್ಚು. ಆದರೆ ಇದೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ.

ಅದರ ಜೊತೆಗೆ ಆ ಕಾಲದಲ್ಲೇ ಹುಟ್ಟಿದ ಕಾಗದಗಳನ್ನು ಹುಡುಕಿ. ಗ್ಯಾರೇಜಿನ ಪರವಾನಗಿ ಅಥವಾ ನೋಂದಣಿ ಪತ್ರ, ಹಾಜರಿ ಪುಸ್ತಕ, ಸಂಬಳ ಬರೆದಿಡುತ್ತಿದ್ದ ವಹಿ, ನಿಮ್ಮ ಕೈಬರಹವಿರುವ ಜಾಬ್ ಕಾರ್ಡ್, ಬಿಡಿಭಾಗದ ಅಂಗಡಿಯವರು ನಿಮ್ಮ ಸಹಿ ಪಡೆದು ಕೊಟ್ಟ ಬಿಲ್ಲು ಇವುಗಳಲ್ಲಿ ಯಾವುದು ಸಿಕ್ಕರೂ ಎತ್ತಿಟ್ಟುಕೊಳ್ಳಿ. ಎಣ್ಣೆಯ ಕಲೆಯಿರುವ ಒಂದು ಜಾಬ್ ಕಾರ್ಡಿನಲ್ಲಿ ವಾಹನದ ನೋಂದಣಿ ಸಂಖ್ಯೆ, ತಾರೀಖು, "ಕ್ಲಚ್ ಪ್ಲೇಟ್ ಮತ್ತು ರಿಲೀಸ್ ಬೇರಿಂಗ್ ಬದಲಿಸಿದೆ" ಎಂಬ ಸಾಲು, ಕೆಳಗೆ ನಿಮ್ಮ ಸಹಿ ಇದ್ದರೆ, ಅದು ಯಾವ ಹೊಗಳಿಕೆಯ ಪತ್ರಕ್ಕೂ ಸಾಧ್ಯವಾಗದಷ್ಟನ್ನು ನಿಮ್ಮ ಪರವಾಗಿ ಹೇಳುತ್ತದೆ. ಆಗ ಜೊತೆಯಲ್ಲಿ ದುಡಿದವರು ಮತ್ತು ಕಾಯಂ ಗಿರಾಕಿಗಳು ಬರೆದುಕೊಡುವ ಪತ್ರಗಳನ್ನು ಪೂರಕವಾಗಿ ಸೇರಿಸಬಹುದು. ಕನ್ನಡದಲ್ಲಿರುವ ದಾಖಲೆಗಳಿಗೆ ಇಂಗ್ಲಿಷ್ ಅನುವಾದ ಕಡ್ಡಾಯ. ಪರಿಶೀಲಕರು ಹಳೆಯ ಮಾಲೀಕರಿಗೆ ಫೋನ್ ಮಾಡುವ ಸಾಧ್ಯತೆಯೂ ಇರುವುದರಿಂದ, ತಾವು ಏನನ್ನು ಬರೆದುಕೊಟ್ಟಿದ್ದೇವೆ ಎಂಬುದು ಅವರಿಗೆ ನೆನಪಿರಲಿ.

ಇನ್ನು ಏಜೆಂಟರ ಮಾತು. ಅನುಭವದ ಆಧಾರದ ಮೇಲೆ ಸರ್ಟಿಫಿಕೇಟ್ ಕೊಡುವ ವ್ಯವಸ್ಥೆ ಆಸ್ಟ್ರೇಲಿಯಾದಲ್ಲಿ ಇರುವುದು ನಿಜ. ಲಘು ವಾಹನಗಳ ಮೆಕ್ಯಾನಿಕ್ ಕೆಲಸಕ್ಕೆ ಸರ್ಟಿಫಿಕೇಟ್ 3 ಇರುವುದೂ ನಿಜ. ಆದರೆ ಅದನ್ನು ಕೊಡುವ ಸಂಸ್ಥೆ ನಿಮ್ಮ ಕೆಲಸವನ್ನು ನಿಜಕ್ಕೂ ಅಳೆದಿರಬೇಕು. ಹಾಗೆ ಅಳೆಯದೆ ಹಂಚಿದ ತರಬೇತಿ ಸಂಸ್ಥೆಗಳ ನೋಂದಣಿಯನ್ನು ಅಲ್ಲಿನ ನಿಯಂತ್ರಕ ಸಂಸ್ಥೆ ಆಸ್ಕ್ವಾ 2024ರ ಕೊನೆಯ ಭಾಗದಿಂದ ರದ್ದುಪಡಿಸುತ್ತ ಬಂದಿದೆ. ಆ ಸಂಸ್ಥೆಗಳು ಕೊಟ್ಟಿದ್ದ ಸಾವಿರಾರು ಪ್ರಮಾಣಪತ್ರಗಳೂ ರದ್ದಾಗಿವೆ. ಹಣ ಕೊಟ್ಟು ಪಡೆದವರ ಕೈಯಲ್ಲಿ ಈಗ ಉಳಿದಿರುವುದು ಬರಿಯ ಕಾಗದ. ಹನ್ನೊಂದು ವರ್ಷ ಬೆವರು ಸುರಿಸಿ ಕಲಿತ ಕೆಲಸವನ್ನು ಅಂಥ ಕಾಗದದ ಜೊತೆ ಸೇರಿಸಿ ಕೆಡಿಸಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಏಜೆಂಟರ ನೆರವು ಬೇಕೇ ಬೇಕು ಎನಿಸಿದರೆ, ಆಸ್ಟ್ರೇಲಿಯಾ ಸರ್ಕಾರದ ವಲಸೆ ಏಜೆಂಟರ ನೋಂದಣಿ ಪಟ್ಟಿಯಲ್ಲಿ ಅವರ ಹೆಸರಿದೆಯೇ ಎಂದು ಮೊದಲು ನೋಡಿ.

ಕೌಶಲ ಆಧಾರಿತ ವೀಸಾಕ್ಕೆ ವಯಸ್ಸು, ಅನುಭವ ಮುಂತಾದವಕ್ಕೆ ಅಂಕ ಕೊಟ್ಟು, ಸಾಕಷ್ಟು ಅಂಕವಿದ್ದವರಿಗೆ ಅರ್ಜಿ ಹಾಕಲು ಆಹ್ವಾನ ಕಳಿಸುತ್ತಾರೆ. ಈ ಅಂಕಗಳ ವಿಷಯದಲ್ಲಿ ಅನೇಕರಿಗೆ ಗೊಂದಲವಿದೆ. ಕೌಶಲ ಮೌಲ್ಯಮಾಪನದಲ್ಲಿ ಪಾಸಾಗುವುದು ಒಂದು, ಅನುಭವಕ್ಕೆ ಅಂಕ ಪಡೆಯುವುದು ಇನ್ನೊಂದು. ಆಸ್ಟ್ರೇಲಿಯಾದ ಹೊರಗಿನ ಅನುಭವ ಮೂರು ವರ್ಷ ತುಂಬಿದ್ದರೆ 5, ಐದು ತುಂಬಿದ್ದರೆ 10, ಎಂಟು ತುಂಬಿದ್ದರೆ 15 ಅಂಕ. ಆಹ್ವಾನ ಬರುವುದಕ್ಕೆ ಹಿಂದಿನ ಹತ್ತು ವರ್ಷಗಳಲ್ಲಿ, ವಾರಕ್ಕೆ ಕನಿಷ್ಠ 20 ಗಂಟೆ ಸಂಬಳಕ್ಕೆ ದುಡಿದ ಅವಧಿ ಮಾತ್ರ ಇದಕ್ಕೆ ಸೇರುತ್ತದೆ. ಮುಖ್ಯವಾದ ಮಾತೆಂದರೆ, ಪ್ರಮಾಣಪತ್ರದ ಬದಲಿಗೆ ತೋರಿಸಿದ ಆರಂಭದ ವರ್ಷಗಳು ನಿಮ್ಮನ್ನು ಕುಶಲ ಕೆಲಸಗಾರನ ಮಟ್ಟಕ್ಕೆ ತಲುಪಿಸುವುದಕ್ಕೇ ಖರ್ಚಾಗುತ್ತವೆ, ಅಂಕ ಸಿಗುವುದು ಆ ಮಟ್ಟ ತಲುಪಿದ ನಂತರದ ವರ್ಷಗಳಿಗೆ. ಹಾಗಾಗಿ 15 ಅಂಕವನ್ನು ಲೆಕ್ಕಹಾಕಿಕೊಂಡು ಕೂರಬೇಡಿ. ಅರ್ಹತೆಗೆ ಕನಿಷ್ಠ 65 ಅಂಕ ಬೇಕು, ಆಹ್ವಾನಕ್ಕೆ ಅನೇಕ ಬಾರಿ ಅದಕ್ಕಿಂತ ಹೆಚ್ಚೇ ಬೇಕಾಗುತ್ತದೆ. 25ರಿಂದ 32 ವರ್ಷದವರಿಗೆ ವಯಸ್ಸಿನ ಅಂಕ 30, 33 ತುಂಬಿದ ದಿನದಿಂದ ಅದು 25ಕ್ಕೆ ಇಳಿಯುತ್ತದೆ. ರಾಜ್ಯವೊಂದು ನಾಮನಿರ್ದೇಶನ ಮಾಡಿದರೆ 190ನೇ ಉಪವರ್ಗದ ವೀಸಾಕ್ಕೆ 5 ಅಂಕ, ಪ್ರಾದೇಶಿಕ 491ಕ್ಕೆ 15 ಅಂಕ ಸೇರುತ್ತವೆ.

ಅಂಕದ ದಾರಿ ದೂರವೆನಿಸಿದರೆ, ಉದ್ಯೋಗದಾತರು ಪ್ರಾಯೋಜಿಸುವ 482ನೇ ಉಪವರ್ಗವನ್ನೂ ಗಮನಿಸಿ. 2024ರ ಡಿಸೆಂಬರ್ 7ರಿಂದ ಅದರ ಹೆಸರು ಸ್ಕಿಲ್ಸ್ ಇನ್ ಡಿಮ್ಯಾಂಡ್ ಎಂದಾಗಿದೆ. ಕಳೆದ ಐದು ವರ್ಷಗಳಲ್ಲಿ ಒಂದು ವರ್ಷದ ಪೂರ್ಣಾವಧಿ ಅನುಭವ ತೋರಿಸಿದರೆ ಅದರ ಅನುಭವದ ಷರತ್ತು ಪೂರೈಸಿದಂತಾಗುತ್ತದೆ. ಆ ಲೆಕ್ಕಕ್ಕೆ ನಿಮ್ಮ ಎರಡನೆಯ ಗ್ಯಾರೇಜಿನ ದಾಖಲೆಗಳು ಸಾಕು. ಆದರೆ ಕೆಲವು ವೃತ್ತಿಗಳಲ್ಲಿ, ಕೆಲವು ದೇಶಗಳ ಪಾಸ್‌ಪೋರ್ಟ್ ಇರುವವರಿಗೆ ಅಲ್ಲೂ ಕೌಶಲ ಮೌಲ್ಯಮಾಪನ ಬೇಕಾಗುತ್ತದೆ.

ಉತ್ತರ 1 ಬರೆದವರು ಮತ್ತೆ

ಸಂದರ್ಶನದ ಬಗ್ಗೆ ಹೇಳದೆ ಬಿಟ್ಟಿದ್ದೆ. ಅನೇಕ ವೃತ್ತಿಗಳಿಗೆ ದಾಖಲೆಗಳ ಪರಿಶೀಲನೆ ಮುಗಿದ ಮೇಲೆ ವಿಡಿಯೊ ಮೂಲಕ ತಾಂತ್ರಿಕ ಸಂದರ್ಶನ ಇರುತ್ತದೆ, ಕೆಲವಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಉಂಟು. ಕಲಿತದ್ದಕ್ಕೆ ಕಾಗದವಿಲ್ಲದವರಿಗೆ ಇದೇ ನಿಜವಾದ ಅವಕಾಶ ಎಂದು ನನ್ನ ಅನಿಸಿಕೆ. ನನ್ನನ್ನು ಕೇಳಿದ ಒಂದು ಪ್ರಶ್ನೆ ಇದು: ಎಂಜಿನ್ ಅತಿಯಾಗಿ ಬಿಸಿಯಾಗಿ ಬಂದ ಗಾಡಿಯ ಸಿಲಿಂಡರ್ ಹೆಡ್ ಸೊಟ್ಟಗಾಗಿದೆಯೇ ಎಂದು ಹೇಗೆ ತಿಳಿಯುತ್ತೀರಿ? ಮೇಲ್ಮೈಯನ್ನು ಚೊಕ್ಕಗೊಳಿಸಿ, ನೇರ ಅಂಚಿನ ಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ ಮತ್ತು ಮೂಲೆಯಿಂದ ಮೂಲೆಗೆ ಇಟ್ಟು, ಸಂದಿಯಲ್ಲಿ ಫೀಲರ್ ಗೇಜ್ ತೂರಿಸಿ, ತಯಾರಕರು ಕೊಟ್ಟ ಮಿತಿಯೊಂದಿಗೆ ಹೋಲಿಸುತ್ತೇನೆ ಎಂದೆ. ಆಮೇಲೆ ಬೋಲ್ಟ್ ಬಿಗಿಸುವ ಕ್ರಮ ಕೇಳಿದರು. ನಡುವಿನಿಂದ ಹೊರಗೆ, ಟಾರ್ಕ್ ರೆಂಚಿನಲ್ಲಿ, ಒಂದೇ ಸಲಕ್ಕೆ ಬಿಗಿಸದೆ ಹಂತಹಂತವಾಗಿ ಎಂದು ವಿವರಿಸಿದೆ. ದಿನವೂ ಇದನ್ನು ಮಾಡುವವರಿಗೆ ಬಾಯಿಪಾಠದ ಅಗತ್ಯವಿಲ್ಲ. ಸುರಕ್ಷತೆಯ ಕ್ರಮಗಳ ಬಗ್ಗೆ ಮಾತ್ರ ಬೇರೆಯಾಗಿ ಸಿದ್ಧರಾಗಿ. ಜ್ಯಾಕ್ ಮೇಲೆ ನಿಂತ ಗಾಡಿಯ ಕೆಳಗೆ ಸ್ಟ್ಯಾಂಡ್ ಕೊಡದೆ ಹೋಗುವಂಥ ಅಭ್ಯಾಸಗಳನ್ನು ಅವರು ಒಪ್ಪುವುದೇ ಇಲ್ಲ.

ಸಂದರ್ಶನ ಇಂಗ್ಲಿಷ್‌ನಲ್ಲಿ ನಡೆಯುತ್ತದೆ. ಕೈ ಮಾಡುವ ಕೆಲಸವನ್ನು ಬಾಯಲ್ಲಿ ಹೇಳುವುದು ಇಂಗ್ಲಿಷ್ ಪರೀಕ್ಷೆಗಿಂತ ಬೇರೆಯದೇ ಅಭ್ಯಾಸ. ಗ್ಯಾರೇಜಿನಲ್ಲಿ ಮುಂದಿನ ಸಲ ಹೆಡ್ ಇಳಿಸುವಾಗ ಏನು ಮಾಡುತ್ತಿದ್ದೀರಿ, ಯಾಕೆ ಮಾಡುತ್ತಿದ್ದೀರಿ ಎಂಬುದನ್ನು ಜೊತೆಯಲ್ಲಿರುವವರಿಗೆ ಇಂಗ್ಲಿಷ್‌ನಲ್ಲಿ ಜೋರಾಗಿ ಹೇಳುತ್ತ ಕೆಲಸ ಮಾಡಿ ನೋಡಿ. ಅರ್ಜಿಯ ಕಾಗದಗಳು ಸಿದ್ಧವಾಗುವ ಹೊತ್ತಿಗೆ ಮಾತೂ ಸರಾಗವಾಗುತ್ತದೆ.